ಪದಚರ್ಚೆ: ಟ್ರಿಬ್ಯೂಟ್ ಅಂದ್ರೆ ಕಪ್ಪವೋ, ಸರದಿಯೋ, ಹರಕೆಯೋ?

ಎಲ್ರಿಗೂ ನಮಸ್ಕಾರ,

ನಮ್ಮಕ್ಕನ ಮಗಳು ಹತ್ತನೇ ಕ್ಲಾಸು. ಸುಝಾನ್ ಕಾಲಿನ್ಸ್ ಅವರ ಇಂಗ್ಲಿಷ್ ಕಾದಂಬರಿ ಹಂಗರ್ ಗೇಮ್ಸ್ ಮುಗಿಸಿ ಅದರ ಎರಡನೇ ಭಾಗ ಕ್ಯಾಚಿಂಗ್ ಫೈರ್ (2009) ಹಿಡ್ಕೊಂಡು ಕೂತಳು, ನಾನೂ ಜೊತೆಗೆ ಓದಿದೆ, ರಾತ್ರಿ ಊಟ ಆದ್ಮೇಲೆ ಇಬ್ರೂ ಸೇರಿ ನಮ್ಮಮ್ಮಂಗೆ ಕನ್ನಡದಲ್ಲಿ ಕತೆ ಹೇಳ್ತಾ ಹೋದ್ವಿ. ಅಲ್ಲಿ ಒಂದು ಪದ ತೊಡರಿಕೊಳ್ತು.

ಓದದೇ ಇರೋರಿಗೆ: ಪ್ಯಾನೆಮ್ ಅಂತ ದೇಶ, ಅದರ ರಾಜಧಾನಿ ಕೈಕೆಳಗೆ 12 ಜಿಲ್ಲೆ. ಹಿಂದೆ ದಂಗೆ ಎದ್ದಿದ್ದಕ್ಕೆ ಶಿಕ್ಷೆ ಅಂತ ಪ್ರತಿ ವರ್ಷ ಒಂದೊಂದು ಜಿಲ್ಲೆನೂ 12ರಿಂದ 18 ವಯಸ್ಸಿನ ಒಬ್ಬ ಹುಡುಗ, ಒಬ್ಬ ಹುಡುಗಿನ ಚೀಟಿ ಎತ್ತಿ ಕಳಿಸ್ಬೇಕು. ಆ 24 ಮಕ್ಕಳು ಬಡಿದಾಡಿ ಕೊನೆಗೊಬ್ರು ಉಳೀಬೇಕು, ಅದನ್ನ ಎಲ್ರೂ ಟೀವೀಲಿ ನೋಡ್ಬೇಕು. ಹೀಗೆ ಕಳಿಸಿದ ಮಗುನೇ ಟ್ರಿಬ್ಯೂಟ್.

ನಾನು ಕಪ್ಪ ಅಂದೆ. ಸೋತವರು ಗೆದ್ದ ದೊರೆಗೆ ಒಪ್ಪಿಸೋದು ತಾನೆ. "ಮಾಮಾ, ಕಪ್ಪ ಅಂದ್ರೆ ದುಡ್ಡಲ್ವಾ, ಚೆನ್ನಮ್ಮ ಕೊಡಲ್ಲ ಅಂದಿದ್ದು?" ಅಂದ್ಲು ಹುಡುಗಿ. ಅಮ್ಮ, "ಇದು ಬಕಾಸುರನ ಕತೆ ಕಣೋ, ಬಂಡಿ ಅನ್ನದ ಜೊತೆ ಮನೆಗೊಬ್ರು, ಸರದಿ ಅನ್ನು" ಅಂದ್ರು. ಕಾಲಿನ್ಸ್‌ಗೆ ಕತೆಯ ಬೀಜ ಸಿಕ್ಕಿದ್ದು ಗ್ರೀಕ್ ಪುರಾಣದಿಂದ, ಅಥೆನ್ಸ್‌ನೋರು 7 ಹುಡುಗರು 7 ಹುಡುಗಿಯರನ್ನ ಕ್ರೀಟ್‌ನ ಮಿನೋಟಾರ್ ಅನ್ನೋ ಗೂಳಿತಲೆ ರಾಕ್ಷಸನಿಗೆ ಕಳಿಸೋ ಕತೆ, ಹಾಗಾಗಿ ಅಮ್ಮ ಹೇಳಿದ್ದು ತುಂಬಾ ಹತ್ತಿರ. ಆದ್ರೆ ಸರದಿ ಅಂದ್ರೆ ಪಾಳಿ ಅಷ್ಟೇ, ಸೋತು ತಲೆ ತಗ್ಗಿಸಿದ ನೋವು ಅದರಲ್ಲಿಲ್ಲ.

ಆಮೇಲೆ ಹರಕೆ. ಆ ಮಕ್ಕಳನ್ನ ಸಾಯಿಸೋಕೆ ಮುಂಚೆ ಚೆನ್ನಾಗಿ ತಿನ್ನಿಸಿ, ಸಿಂಗಾರ ಮಾಡಿ, ರಥದಲ್ಲಿ ಮೆರವಣಿಗೆ ಮಾಡ್ತಾರೆ, ಓದುವಾಗ ಬಸವಣ್ಣನವರ "ಹಬ್ಬಕ್ಕೆ ತಂದ ಹರಕೆಯ ಕುರಿ" ನೆನಪಾಗದೇ ಇರಲ್ಲ. ಆದ್ರೆ ಹರಕೆ ನಾವಾಗೇ ಹೊತ್ಕೊಳೋದು. ಮತ್ತೆ ತಳಿರು ಮೇಯೋ ಕುರಿಗೆ ಕೊಲ್ತಾರೆ ಅಂತ ಗೊತ್ತಿಲ್ಲ, ಈ ಮಕ್ಕಳಿಗೆ ಗೊತ್ತು.

ಎರಡನೇ ಭಾಗದಲ್ಲಿ 75ನೇ ಆಟ, 25 ವರ್ಷಕ್ಕೊಮ್ಮೆ ಬರೋ ವಿಶೇಷ ಆಟ. ಈ ಸಲ ಹಿಂದೆ ಗೆದ್ದವರೇ ಹೋಗ್ಬೇಕು ಅಂತ ಅಪ್ಪಣೆ. ಗೆದ್ದವರಿಗೆ ಜೀವನಪೂರ್ತಿ ಮನೆ, ಊಟ, ಇನ್ನು ಆ ಕಣದ ಕಾಟ ಇಲ್ಲ ಅಂತ ಮಾತಿತ್ತು. ಕತೆಯ ನಾಯಕಿ ಕ್ಯಾಟ್ನಿಸ್ ಮೊದಲನೇ ಭಾಗದಲ್ಲಿ ಗೆದ್ದವಳು, ಅವಳ ಜಿಲ್ಲೆಯಲ್ಲಿ ಗೆದ್ದು ಬದುಕಿರೋ ಹೆಂಗಸು ಅವಳೊಬ್ಬಳೇ, ಚೀಟಿ ಎತ್ತೋದೇ ಬೇಡ. ಇದನ್ನ ಕೇಳಿ ಅಮ್ಮ ಸುಮ್ನೆ ಕೂತಿದ್ದು, "ಗೆದ್ದವನು ಸೋತ, ಸೋತವನು ಸತ್ತ" ಅಂದ್ರು. ಕೋರ್ಟು ಕಚೇರಿ ಬಗ್ಗೆ ಹೇಳೋ ಗಾದೆ, ಇಲ್ಲಿ ಹೀಗೆ ಕೂತ್ಕೊಳುತ್ತೆ ಅಂತ ನಾನು ಅಂದ್ಕೊಂಡಿರ್ಲಿಲ್ಲ. ನನಗಂತೂ ಮೊದಲನೇದಕ್ಕಿಂತ ಎರಡನೇದು ಜಾಸ್ತಿ ಹಿಡಿಸಿದ್ದು ಇದಕ್ಕೇ. ಮೊದಲನೇದ್ರಲ್ಲಿ ಅವಳು ಗೆಲ್ಲಲಿ ಅಂತ ಓದ್ತೀವಿ, ಇಲ್ಲಿ ಗೆದ್ರೂ ಬಿಡುಗಡೆ ಇಲ್ಲ ಅಂತ ಗೊತ್ತಾಗುತ್ತೆ.

ಹಾಗಾಗಿ ಈಗ ಕಷ್ಟ ವಿಕ್ಟರ್ ಅನ್ನೋ ಪದದ್ದು, ಆಟ ಗೆದ್ದವರನ್ನ ಪುಸ್ತಕದಲ್ಲಿ ಹಾಗೆ ಕರೀತಾರೆ. ವಿಜೇತೆ ಅಂದ್ರೆ ಸ್ಕೂಲ್ ಡೇ ಬಹುಮಾನದ ಥರ ಕೇಳುತ್ತೆ. ಗೆದ್ದವಳು ಅಂದ್ರೆ ರಾಜಧಾನಿಯೋರ ಬಾಯಿಗೆ ಸರಿ. ಆದ್ರೆ ಅವಳು ತನ್ನ ಬಗ್ಗೆ ಯೋಚಿಸುವಾಗ ಉಳಿದವಳು ಅಂತ ಹಾಕಿದ್ರೆ ಹೇಗೆ? ಅದೇ ವಚನದ ಕೊನೇಲಿ "ಕೊಂದವರುಳಿದರೇ" ಅಂತ ಬರುತ್ತಲ್ಲ, ಆ ಪ್ರಶ್ನೆನೂ ಅದರೊಳಗೆ ಬಂದುಬಿಡುತ್ತೆ. ಒಬ್ಬಳಿಗೇ ಎರಡು ಪದ ಬಳಸಿದ್ರೆ ಕೇಳೋರಿಗೆ ಗೊಂದಲ ಆಗುತ್ತಾ? ಮತ್ತೆ ಹಳೇ ಶಾಸನ, ಕಾವ್ಯ ಓದಿರೋರು ಹೇಳಿ, ಕಪ್ಪ ಅನ್ನೋದನ್ನ ಮನುಷ್ಯರಿಗೆ ಬಳಸಿರೋದು ಎಲ್ಲಾದ್ರೂ ಕಂಡಿದ್ದೀರಾ?