ಗೀಸರ್ ಒಳಗ ಅಳ್ಳು ಹುರಿದಂಗ ಸದ್ದು, ದೀಪ ಆರಿದ ಮ್ಯಾಲ ಗ್ವಾಡಿ ಒಳಗ ಟಕ್ ಟಕ್

ರಾಯಚೂರು_ಬೋರ್‌ನೀರು:
15 ಲೀಟರಿನ ಸ್ಟೋರೇಜ್ ಗೀಸರ್, 2000 ವ್ಯಾಟ್, ಹಾಕಿ ಮೂರು ವರ್ಷ. ನಳ ಬರದ ದಿನ ಮ್ಯಾಲಿನ ಟ್ಯಾಂಕಿಗೆ ಬೋರಿನ ನೀರೇ ಹೋಗ್ತದ, ಟಿಡಿಎಸ್ ಮೀಟರ್ (ನೀರಿನಾಗ ಕರಗಿದ ಉಪ್ಪು ಅಳಿಯೋದು) 1400 ತೋರಸ್ತದ. ಸ್ವಿಚ್ ಹಾಕಿ ನಾಕೈದು ನಿಮಿಷಕ್ಕ ಒಳಗ ಪಟಪಟ ಶುರು, ಆಮ್ಯಾಲ ಗುಂಯ್ ಅಂತ ಕುದಿಯೋ ಸದ್ದು. ಕೆಂಪು ದೀಪ ಆರಿದ ಮ್ಯಾಲ ಗ್ವಾಡಿ ಒಳಗಿಂದ ಟಕ್ ಟಕ್. ಮೊದಲು ಇಪ್ಪತ್ತು ನಿಮಿಷಕ್ಕ ಆರ್ತಿದ್ದ ದೀಪ ಈಗ ಅರ್ಧ ತಾಸು ದಾಟ್ತದ. ತಣ್ಣೀರು ಒಳಗ ಹೋಗೋ ಕಡೆ ಇರೋ ವಾಲಿನಿಂದ ಹನಿ ಬ್ಯಾರೆ ಬೀಳ್ತಾವ. ನೀರು ಕಾಯಿಸೋ ಎಲಿಮೆಂಟ್ ಹೋಗ್ಯದೇನ್ರಿ?

ಗಂಗಾವತಿ_ರಿಪೇರಿ:
ಎಲಿಮೆಂಟ್ ಹೋಗಿದ್ರ ನೀರು ಕಾಯ್ತಿರಲಿಲ್ಲ, ಇಲ್ಲಾ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ಲೈನ್ ಕಡಿಯೋ ಸ್ವಿಚ್) ಟ್ರಿಪ್ ಆಗ್ತಿತ್ತು. ಇದು ಸುಣ್ಣದ ಹಕ್ಕಳಿ. ಸವಳು ನೀರಿನಾಗಿನ ಬೈಕಾರ್ಬೊನೇಟ್ ಕಾದಾಗ ಒಡೆದು ಸುಣ್ಣ ಆಗಿ ಎಲಿಮೆಂಟಿಗೆ ಕಚ್ಚತೈತಿ. ಹಕ್ಕಳಿಯ ಸಂದಿನಾಗ ಸಿಕ್ಕ ನೀರು ಹಬೆ ಆಗಿ ಸಿಡೀತೈತಿ, ಸುತ್ತಲಿನ ತಣ್ಣೀರು ತಾಗಿದ ಕೂಡಲೇ ಗುಳ್ಳಿ ಕುಸೀತೈತಿ. ಪಟಪಟ ಅನ್ನೋದು ಅದರದ್ದು.

ಒಂದು ಪರೀಕ್ಷೆ ಮಾಡ್ರಿ: ದೀಪ ಆರಿದ ಮ್ಯಾಲೂ ಕುದಿಯೋ ಸದ್ದು ನಿಲ್ಲದಿದ್ರ, ಇಲ್ಲಾ ಬಿಸಿ ನಳ ತಿರುವಿದಾಗ ಹಬೆ ಬುಸ್ ಅಂದ್ರ, ಬೋರ್ಡಿನಾಗಿನ ಎಂಸಿಬಿ ಸ್ವಿಚ್ ಇಳಿಸಿ ಮುಟ್ಟದ ಬಿಡ್ರಿ. ನೀರು ಕಾದ ಮ್ಯಾಲ ಕರೆಂಟ್ ಕಡಿಯೋ ಥರ್ಮೋಸ್ಟಾಟಿನ ಕಾಂಟ್ಯಾಕ್ಟ್ ಅಂಟಿಕೊಂಡಿರಬಹುದು, ಅದನ್ನ ಬದಲಿಸದ ಮತ್ತ ಹಚ್ಚಬ್ಯಾಡ್ರಿ. ದೀಪದ ಜೋಡಿ ಸದ್ದೂ ನಿಂತ್ರ ಅವಸರ ಇಲ್ಲ, ಬಿಚ್ಚಿ ತೊಳೆದ್ರ ಸಾಕು.

ಬಳ್ಳಾರಿ_ವೈರಿಂಗ್:
ಹೊತ್ತಿನ ಬಗ್ಗೆ ಒಂದು ಮಾತು. ಸುಣ್ಣ ಕಟ್ಟಿದ್ರೆ ನೀರು ನಿಧಾನ ಕಾಯುತ್ತೆ ಅಂತ ಎಲ್ಲರೂ ಹೇಳ್ತಾರೆ, ಅದು ಅರ್ಧ ಸತ್ಯ. ಎಲಿಮೆಂಟ್ ನೀರಿನೊಳಗೇ ಇರೋದು, 2000 ವ್ಯಾಟ್ ಶಾಖ ಬೇರೆಲ್ಲಿಗೂ ಹೋಗಲ್ಲ. 15 ಲೀಟರ್ ನೀರು 25 ಡಿಗ್ರಿಯಿಂದ 60ಕ್ಕೆ ಏರೋಕೆ ಲೆಕ್ಕದಲ್ಲಿ 18 ನಿಮಿಷ ಸಾಕು. ಅರ್ಧ ಗಂಟೆ ಆಗ್ತಿದೆ ಅಂದ್ರೆ ಎರಡು ಕಾರಣ ನೋಡಿ. ಒಂದು, ಥರ್ಮೋಸ್ಟಾಟಿನ ಬಲ್ಬಿನ (ಬಿಸಿ ಗುರುತಿಸೋ ತುದಿ) ಮೇಲೂ ಸುಣ್ಣ ಕೂತು ಅದಕ್ಕೆ ಬಿಸಿ ತಡವಾಗಿ ಗೊತ್ತಾಗ್ತಿರಬೇಕು, ಅಷ್ಟರಲ್ಲಿ ನೀರು ಬೇಕಾದ್ದಕ್ಕಿಂತ ಹೆಚ್ಚು ಕಾದಿರುತ್ತೆ. ಎರಡು, ವೋಲ್ಟೇಜ್. 230ರ ಬದಲು 200 ಬಂದ್ರೆ ಎಲಿಮೆಂಟ್ ಎಳೆಯೋದು 1500 ವ್ಯಾಟ್ ಮಾತ್ರ, 18 ನಿಮಿಷದ್ದು 24 ಆಗುತ್ತೆ. ಗೀಸರ್ ಆನ್ ಇದ್ದಾಗಲೇ ಪಕ್ಕದ ಸಾಕೆಟ್ಟಿನಲ್ಲಿ ಅಳೆದು ನೋಡಿ.

ವಾಲಿನ ಹನಿ ದೋಷವಲ್ಲ. ಅಷ್ಟು ನೀರು ಕಾದಾಗ ಸುಮಾರು 200 ಮಿ.ಲೀ. ಹಿಗ್ಗುತ್ತೆ. ವಾಲಿನೊಳಗೆ ನಾನ್ ರಿಟರ್ನ್ (ನೀರನ್ನ ಒಂದೇ ಕಡೆಗೆ ಬಿಡೋ ತಡೆ) ಇದ್ರೆ ಅದಕ್ಕೆ ಹಿಂದಕ್ಕೆ ದಾರಿಯಿಲ್ಲ, ಹೊರಗೇ ಬರಬೇಕು. ದಯವಿಟ್ಟು ಎಂ-ಸೀಲ್ ಮೆತ್ತಿ ಮುಚ್ಚಬೇಡಿ, ಟ್ಯಾಂಕೇ ಸೀಳುತ್ತೆ. ಗೀಸರ್ ತಣ್ಣಗಿದ್ದಾಗಲೂ ಹನಿಯೋದಾದ್ರೆ ಮಾತ್ರ ವಾಲ್ ಬದಲಿಸಿ.

ರಾಯಚೂರು_ಬೋರ್‌ನೀರು:
ದೀಪ ಆರಿದ ಕೂಡಲೇ ಕುದಿಯೋ ಸದ್ದು ನಿಲ್ತದ್ರಿ. ವೋಲ್ಟೇಜ್ 222. ಟಾಯ್ಲೆಟ್ ತೊಳಿಯೋ ಆಸಿಡ್ ಹಾಕಿ ತಿಕ್ಕಬಹುದಾ?

ಗಂಗಾವತಿ_ರಿಪೇರಿ:
ಬ್ಯಾಡ್ರಿ! ಅದು ಹೈಡ್ರೋಕ್ಲೋರಿಕ್, ಸುಣ್ಣದ ಜೋಡಿ ಎಲಿಮೆಂಟಿನ ಕವಚನೂ ತಿಂತೈತಿ. ಕಿರಾಣಿ ಅಂಗಡ್ಯಾಗಿನ ನಿಂಬೆ ಉಪ್ಪು ತರ್ರಿ, ಅಂದ್ರ ಸಿಟ್ರಿಕ್ ಆಸಿಡ್. ಲೀಟರ್ ಬಿಸಿನೀರಿಗೆ 50 ಗ್ರಾಂ.

ಎಂಸಿಬಿ ಇಳಿಸ್ರಿ, ಟೆಸ್ಟರ್ ಹಚ್ಚಿ ಕರೆಂಟ್ ಇಲ್ಲಂತ ಖಾತ್ರಿ ಮಾಡಿಕೊಳ್ರಿ. ತಣ್ಣೀರಿನ ವಾಲ್ ಬಂದ್ ಮಾಡಿ, ಬಿಸಿ ನಳ ತೆರೆದಿಟ್ಟು, ಸೇಫ್ಟಿ ವಾಲಿನ ಲಿವರ್ ಎತ್ತಿ ಟ್ಯಾಂಕ್ ಪೂರ್ತಿ ಖಾಲಿ ಮಾಡ್ರಿ. ಗಾಳಿ ಒಳಗ ಹೋಗದಿದ್ರ ನೀರು ಇಳಿಯೂದಿಲ್ಲ. ಕೆಳಗಿನ ಕವರ್ ತೆಗೆದು ವೈರಿನ ಫೋಟೋ ಹೊಡ್ಕೊಳ್ರಿ, ಆಮ್ಯಾಲ ಫ್ಲೇಂಜಿನ (ಎಲಿಮೆಂಟ್ ಕೂಡಿಸಿರೋ ತಟ್ಟೆ) ನಟ್ ಎದುರುಬದುರು ಒಂದೊಂದಾಗಿ ಸಡಿಲಿಸ್ರಿ. ಎಲಿಮೆಂಟನ್ನ ಬಕೆಟ್ಟಿನಾಗ ಎರಡು ಮೂರು ತಾಸು ಅದ್ದಿಡ್ರಿ. ಟರ್ಮಿನಲ್ ಮ್ಯಾಲಿರಲಿ, ಒದ್ದಿ ಆಗಬಾರದು. ನೊರೆ ಏಳೋದು ನಿಂತ್ರ ಒಂದೋ ಸುಣ್ಣ ಕರಗೇತಿ, ಇಲ್ಲಾ ದ್ರಾವಣ ಸತ್ತೈತಿ. ಹೊಸದು ಹಾಕಿ ನೋಡ್ರಿ. ಚಾಕು, ಸ್ಕ್ರೂ ಡ್ರೈವರಿಂದ ಕೆರೀಬ್ಯಾಡ್ರಿ, ಗೀರು ಬಿದ್ದಲ್ಲೇ ಮುಂದ ತೂತು ಬೀಳತೈತಿ.

ಅದರ ಬಾಜೂಕಿರೋ ಮೆಗ್ನೀಸಿಯಮ್ ರಾಡಿನ ನಡುವಿನ ತಂತಿ ಕಾಣಾಕತ್ತಿದ್ರ ಹೊಸದು ಹಾಕ್ರಿ. ಟ್ಯಾಂಕ್ ತುಕ್ಕು ಹಿಡೀದಂಗ ತಡೀಲಿಕ್ಕೆ ತಾನು ಸವೀತೈತಿ ಅದು. ಮೂರು ವರ್ಷ ಬೋರಿನ ನೀರು ಅಂದ್ರ ಉಳಿದಿರೋದು ಕಷ್ಟ. ಗ್ಯಾಸ್ಕೆಟ್ ಅಂತೂ ಹಳೇದು ಮತ್ತ ಹಾಕಲೇಬ್ಯಾಡ್ರಿ.

ಬಳ್ಳಾರಿ_ವೈರಿಂಗ್:
ಜೋಡಿಸೋ ಮುಂಚೆ ಎಲಿಮೆಂಟ್ ಒರೆಸಿ ಒಣಗಿಸಿ ಮಲ್ಟಿಮೀಟರ್ ಹಿಡೀರಿ: ಎರಡು ಟರ್ಮಿನಲ್ ನಡುವೆ 26 ಓಮ್ ಆಸುಪಾಸು, ಟರ್ಮಿನಲ್‌ನಿಂದ ಕವಚಕ್ಕೆ ಏನೂ ತೋರಿಸಬಾರದು. ತೋರಿಸಿದ್ರೆ ಹೊಸ ಎಲಿಮೆಂಟ್. ಅರ್ಥಿಂಗ್ ವೈರ್ ಮರೆಯಬೇಡಿ. ನೀರು ತುಂಬಿಸಿ, ಬಿಸಿ ನಳದಲ್ಲಿ ಗಾಳಿ ಪುಸುಪುಸು ನಿಂತು ಧಾರೆ ಒಂದೇ ಸಮ ಬಂದ ಮೇಲೇ ಸ್ವಿಚ್. ಒಣ ಟ್ಯಾಂಕಿಗೆ ಕರೆಂಟ್ ಕೊಟ್ರೆ ಎಲಿಮೆಂಟ್ ಸುಟ್ಟಂಗೇ.

ರಾಯಚೂರು_ಬೋರ್‌ನೀರು:
ಬಿಚ್ಚಿಸಿದ್ವಿ. ಎರಡು ಹಿಡಿ ಸುಣ್ಣದ ಚೂರು ಬಂತು, ತತ್ತಿ ಸಿಪ್ಪಿ ಇದ್ದಂಗ. ಬಲ್ಬಿನ ಮ್ಯಾಲೂ ಒಂದು ಪದರ ಕೂತಿತ್ತು. ರಾಡಿನದ್ದು ತಂತಿ ಅಷ್ಟೇ ಉಳಿದಿತ್ತು, ಹೊಸದು ಹಾಕಿದ್ವಿ. ಎಲಿಮೆಂಟ್ 27 ಓಮ್. ಈಗ ದೀಪ 21 ನಿಮಿಷಕ್ಕ ಆರ್ತದ, ಪಟಪಟ ಇಲ್ಲ. ಗ್ವಾಡಿಯ ಟಕ್ ಟಕ್ ಮಾತ್ರ ಹಂಗೇ ಅದ. ಮತ್ತ ಸುಣ್ಣ ಕಟ್ಟದಂಗ ಪೈಪಿಗೆ ಸುತ್ತೋ ಮ್ಯಾಗ್ನೆಟ್ ಪಟ್ಟಿ ಮಾರ್ತಾರಲ್ಲ, ಅದನ್ನ ಹಾಕಿಸಬೇಕಾ?

ಸಿಂಧನೂರು_ಪೈಪ್‌ಲೈನ್:
ಟಕ್ ಟಕ್ ಗೀಸರಿಂದಲ್ಲ, ಪೈಪಿನದು. ಮೂರು ಮೀಟರ್ ಸಿಪಿವಿಸಿ (ಬಿಸಿನೀರಿನ ಪ್ಲಾಸ್ಟಿಕ್ ಪೈಪ್) 35 ಡಿಗ್ರಿ ಕಾದ್ರ 6–7 ಮಿ.ಮೀ. ಉದ್ದ ಆಗ್ತದ, ಆರಿದಂಗ ಕುಗ್ಗತದ. ಕ್ಲಾಂಪ್ ಬಿಗಿ ಇದ್ದಲ್ಲಿ, ಸಿಮೆಂಟ್ ಕಚ್ಚಿದಲ್ಲಿ ಎಳಕೊಂಡು ಟಕ್ ಅಂತದ. ಹೊರಗ ಕಾಣೋ ಕ್ಲಾಂಪ್ ಅರ್ಧ ಸುತ್ತು ಸಡಿಲಿಸಿ ನಡುವ ರಬ್ಬರ್ ತುಂಡು ಇಡ್ರಿ. ಗ್ವಾಡಿ ಒಳಗಿಂದಾದ್ರ ಒಡೀಬ್ಯಾಡ್ರಿ, ಸೋರದಿದ್ರ ಅಪಾಯ ಇಲ್ಲ. ಬಿಸಿನೀರಿನ ಲೈನಿಗೆ ಬಿಳಿ ಪಿವಿಸಿ ಹಾಕ್ಯಾರೇನು ಅದನ್ನ ಮಾತ್ರ ನೋಡ್ರಿ. ಆ ಪೈಪ್ 60 ಡಿಗ್ರಿಗೆ ಮೆತ್ತಗಾಗ್ತದ.

ಮ್ಯಾಗ್ನೆಟ್ ಪಟ್ಟಿಗೆ ರೊಕ್ಕ ಹಾಕಬ್ಯಾಡ್ರಿ. ಟಿಡಿಎಸ್ ಮೀಟರ್ ಎಲ್ಲಾ ಉಪ್ಪು ಕೂಡಿಸಿ ಹೇಳ್ತದ. ಸುಣ್ಣ ಎಷ್ಟು ಕಟ್ಟತದ ಅನ್ನೋದು ಗಡಸುತನದ (ನೀರಿನಾಗಿನ ಕ್ಯಾಲ್ಸಿಯಂ, ಮೆಗ್ನೀಸಿಯಮ್) ಮ್ಯಾಲ, ಅದಕ್ಕ ಹನಿ ಹಾಕಿ ನೋಡೋ ಕಿಟ್ ಬ್ಯಾರೆ ಅದ. ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಕುಡಿಯೋ ನೀರಿನ ಗಡಸುತನಕ್ಕ ಲೀಟರಿಗೆ 200 ಮಿ.ಗ್ರಾಂ. ಹೇಳ್ತದ, ಬ್ಯಾರೆ ನೀರು ಇಲ್ಲದಿದ್ರ 600ರ ತನಕ. 600 ದಾಟಿದ್ರ ಉಪ್ಪಿನ ಸಾಫ್ಟನರ್ ಹಾಕ್ಸಿದ್ರ ಲಾಭ. ಹಾಕಿಸಿದ ಮ್ಯಾಲೂ ಟಿಡಿಎಸ್ 1400 ತೋರಿಸಿದ್ರ ಗಾಬರಿ ಆಗಬ್ಯಾಡ್ರಿ: ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡ್ತದ, ಉಪ್ಪು ಕಮ್ಮಿ ಮಾಡಂಗಿಲ್ಲ. ಅಲ್ಲೀತನಕ ಥರ್ಮೋಸ್ಟಾಟ್ 55ಕ್ಕ ಇಳಿಸ್ರಿ, ನಳ ಬಂದ ದಿನದ ನೀರನ್ನ ಗೀಸರಿನ ಟ್ಯಾಂಕಿಗೆ ಬ್ಯಾರೆ ಹಿಡಿದಿಡ್ರಿ, ವರ್ಷಕ್ಕೊಮ್ಮೆ ಫ್ಲೇಂಜ್ ಬಿಚ್ಚಿ ನೋಡ್ರಿ.