ಒಂದೇ ಒಕ್ಕಣೆಯ ಸಾವಿರ ಇ-ಮೇಲ್: ಕರಡು ನಿಯಮಕ್ಕೆ ಹೀಗೆ ಆಕ್ಷೇಪಣೆ ಹಾಕಿದರೆ ಪ್ರಯೋಜನ ಇದೆಯೇ?

ಪೋಷಕರ ಬಳಗ: ಶಾಲೆಯದ್ದಾಗಲಿ ಕೆರೆಯದ್ದಾಗಲಿ, ಸರ್ಕಾರ ಒಂದು ಕರಡು ನಿಯಮ ಹೊರಡಿಸಿದ ಕೂಡಲೇ ವಾಟ್ಸಾಪ್‌ನಲ್ಲಿ ‘ಕಾಪಿ ಮಾಡಿ ಕಳಿಸಿ’ ಅಂತ ಒಕ್ಕಣೆ ಬರುತ್ತದೆ. ಇದರಿಂದ ಏನಾದರೂ ಬದಲಾಗುತ್ತಾ? ಅಥವಾ ನೇರ ಶಾಸಕರ ಹತ್ತಿರ ಹೋಗುವುದೇ ಮೇಲಾ?

ರಾಜ್ಯಪತ್ರ ಓದುಗ: ಬದಲಾಗುವುದು ಕಡಿಮೆ. ಕರಡನ್ನು ಮೊದಲೇ ಪ್ರಕಟಿಸಬೇಕೆಂದು ಮೂಲ ಕಾಯ್ದೆಯಲ್ಲಿದ್ದರೆ, ಬಂದ ಆಕ್ಷೇಪಣೆಗಳನ್ನು ಸರ್ಕಾರ ಪರಿಗಣಿಸಲೇಬೇಕು. ಆದರೆ ಒಂದೊಂದಕ್ಕೂ ಉತ್ತರ ಕೊಡುವ ಹೊಣೆ ಅದಕ್ಕಿಲ್ಲ. ಒಂದೇ ಮಾತಿನ ಸಾವಿರ ಮೇಲ್ ಕಡತದಲ್ಲಿ ಒಂದು ಸಾಲಾಗಿಬಿಡುತ್ತದೆ. ಅದರ ಬದಲು ‘ಕರಡಿನ ಇಂಥ ನಿಯಮ, ಇಂಥ ಉಪನಿಯಮ, ಈಗಿರುವ ವಾಕ್ಯ ಇದು, ಇದರಿಂದ ಆಗುವ ತೊಂದರೆ ಇದು, ಬದಲಿಗೆ ಈ ವಾಕ್ಯ ಹಾಕಿ’ ಎಂದು ಬರೆದರೆ ಅಧಿಕಾರಿ ಅದಕ್ಕೆ ಪ್ರತ್ಯೇಕ ಟಿಪ್ಪಣಿ ಬರೆಯಬೇಕಾಗುತ್ತದೆ. ಅವಧಿ ಸಾಮಾನ್ಯವಾಗಿ 15 ಇಲ್ಲವೇ 30 ದಿನ. ಅದು ಪೇಪರಿನಲ್ಲಿ ಸುದ್ದಿ ಬಂದ ದಿನದಿಂದ ಅಲ್ಲ, ರಾಜ್ಯಪತ್ರದಲ್ಲಿ (ಸರ್ಕಾರಿ ಗೆಜೆಟ್) ಪ್ರಕಟವಾದ ದಿನದಿಂದ. ಎಷ್ಟೋ ಜನ ಎಡವುವುದು ಇಲ್ಲೇ.

ಕೆರೆಯಂಗಳ: ಸಂಖ್ಯೆಯನ್ನು ಅಷ್ಟು ಹಗುರವಾಗಿ ತಳ್ಳಿಹಾಕಬೇಡಿ ಸರ್. 2020ರ ಪರಿಸರ ಪರಿಣಾಮ ಅಂದಾಜಿನ (ಇಐಎ) ಕರಡಿಗೆ ಲಕ್ಷಗಟ್ಟಲೆ ಮೇಲ್ ಹೋದವು. ಆ ಕರಡು ಅಂತಿಮ ಅಧಿಸೂಚನೆ ಆಗಲೇ ಇಲ್ಲ.

ರಾಜ್ಯಪತ್ರ ಓದುಗ: ಒಪ್ಪುತ್ತೇನೆ, ಆದರೆ ಮೇಲ್‌ಗಳ ಜೊತೆಗೆ ಕೋರ್ಟೂ ಇತ್ತು. ಕರಡು ಎಲ್ಲ ಭಾಷೆಗಳಲ್ಲಿ ಸಿಗಬೇಕು ಎಂಬ ಖಚಿತ ಬೇಡಿಕೆ ಇಟ್ಟುಕೊಂಡು ಹೋದವರಿದ್ದರು. ದೆಹಲಿ ಹೈಕೋರ್ಟ್ ಅನುವಾದಕ್ಕೆ ಆದೇಶಿಸಿ ಗಡುವನ್ನು ಆಗಸ್ಟ್ 11ಕ್ಕೆ ವಿಸ್ತರಿಸಿತು. ಕರ್ನಾಟಕ ಹೈಕೋರ್ಟ್ ಕೂಡ ಅಂತಿಮ ಅಧಿಸೂಚನೆಗೆ ಮಧ್ಯಂತರ ತಡೆ ಕೊಟ್ಟಿತು.

ಮಲೆನಾಡ ವಕೀಲ: ಇನ್ನೊಂದು ಸಂಗತಿ ಸೇರಿಸುತ್ತೇನೆ. ಅದೇ ವರ್ಷ ಮಾರ್ಚ್ 28ರಂದು ಆಕ್ಷೇಪಣೆಯನ್ನೇ ಕರೆಯದೆ ಕೇಂದ್ರ ಒಂದು ತಿದ್ದುಪಡಿ ತಂದಿತ್ತು. ರಸ್ತೆ, ಪೈಪ್‌ಲೈನಿನಂಥ ಕಾಮಗಾರಿಗೆ ಮಣ್ಣು ತೆಗೆಯಲು ಪರಿಸರ ಅನುಮತಿ ಬೇಡ ಎಂದು. ಪರಿಸರ ಸಂರಕ್ಷಣಾ ನಿಯಮ 1986ರಲ್ಲಿ ಆಕ್ಷೇಪಣೆಗೆ 60 ದಿನ ಇದೆ. ‘ಸಾರ್ವಜನಿಕ ಹಿತಾಸಕ್ತಿ’ಗಾಗಿ ಅದನ್ನು ಕೈಬಿಡುವ ಅಧಿಕಾರವೂ ಅಲ್ಲೇ ಇದೆ. ಕೈಬಿಟ್ಟದ್ದಕ್ಕೆ ಕಾರಣ ಕೊಟ್ಟಿಲ್ಲವೆಂದು 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ವಿನಾಯಿತಿಯನ್ನು ರದ್ದುಮಾಡಿತು. ಆದ್ದರಿಂದ ಕರಡು ಕೈಗೆ ಬಂದಾಗ ಮೊದಲು ನೋಡಬೇಕಾದ್ದು ಅದು ಯಾವ ಕಾಯ್ದೆಯ ಯಾವ ಸೆಕ್ಷನ್ ಅಡಿ ಬಂದಿದೆ, ಎಷ್ಟು ದಿನ ಕೊಟ್ಟಿದ್ದಾರೆ, ಕನ್ನಡದ ಪ್ರತಿ ಇದೆಯೇ ಎಂಬುದು. ಒಳಗಿನ ವಿಷಯ ಆಮೇಲೆ.

ಸುಮಾ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ): ಶಿಕ್ಷಣದ ಕಡೆ ಕಾಯ್ದೆಗಿಂತ ನಿಯಮವೇ ಹೆಚ್ಚು ಪೆಟ್ಟು ಕೊಡುತ್ತದೆ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಅಡಿ ಖಾಸಗಿ ಶಾಲೆಗಳಲ್ಲಿ ಬಡ, ಹಿಂದುಳಿದ ಮಕ್ಕಳಿಗೆ ಮೀಸಲಾದ 25% ಸೀಟುಗಳನ್ನೇ ನೋಡಿ. 2009ರ ಕೇಂದ್ರ ಕಾಯ್ದೆಯಲ್ಲಿ ಆ 25% ಇದ್ದ ಹಾಗೇ ಇದೆ. 2019ರಲ್ಲಿ ಜಾರಿಯಾದ ರಾಜ್ಯದ ನಿಯಮ ತಿದ್ದುಪಡಿ ಮಾತ್ರ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ ಎಂದಿತು. ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ವಿಧೇಯಕ (ಸದನದಲ್ಲಿ ಮಂಡಿಸುವ ಮಸೂದೆ) ಬರಲಿ, ಆಗ ಹೋರಾಡೋಣ ಎಂದು ಕಾಯುತ್ತಿದ್ದವರಿಗೆ ಹೋರಾಡಲು ವಿಧೇಯಕವೇ ಬರಲಿಲ್ಲ.

ಹಾಗಾಗಿ ‘ಶಾಲೆ 1 ಕಿ.ಮೀ. ಒಳಗಿರಬೇಕು’ ಎಂಬ ಥರದ ವಾಕ್ಯ ಕರಡಿನಲ್ಲಿ ಕಂಡರೆ ಕೇಳಬೇಕಾದ ಪ್ರಶ್ನೆ: ಅಳೆಯುವುದು ಹೇಗೆ? ಮ್ಯಾಪಿನ ಮೇಲೆ ನೇರ ಗೆರೆ ಎಳೆದೋ, ಮಗು ನಡೆಯುವ ದಾರಿಯಲ್ಲೋ? ನಡುವೆ ಹೆದ್ದಾರಿ ಇದ್ದರೆ, ಮಳೆಗಾಲದಲ್ಲಿ ದಾಟಲಾಗದ ಹಳ್ಳ ಇದ್ದರೆ ಆ 1 ಕಿ.ಮೀ. ಕಾಗದದ ಮೇಲಷ್ಟೇ. ‘ಅಂತರವನ್ನು ವರ್ಷವಿಡೀ ನಡೆಯಬಹುದಾದ ದಾರಿಯಲ್ಲಿ ಅಳೆಯತಕ್ಕದ್ದು’ ಎಂದು ವಾಕ್ಯವನ್ನೇ ಬರೆದುಕೊಟ್ಟು, ನಿಮ್ಮೂರಿನ ಎರಡು ಅಳತೆ ಲಗತ್ತಿಸಿ.

ಕೆರೆಯಂಗಳ: ಕೆರೆಗೂ ಇದೇ ಮಾತು. ‘30 ಮೀಟರ್ ಮೀಸಲು ವಲಯ’ ಎಂದಷ್ಟೇ ಇದ್ದರೆ ಎಲ್ಲಿಂದ 30? ಈಗ ನೀರು ನಿಂತ ಅಂಚಿನಿಂದ ಅಳೆದರೆ ಬೇಸಿಗೆಯಲ್ಲಿ ಕೆರೆಯೊಳಗೇ ಸೈಟ್ ಬರುತ್ತದೆ. ಸರ್ವೆ ದಾಖಲೆಯ ಗಡಿಯಿಂದ ಎಂದು ಸ್ಪಷ್ಟವಾಗಿ ಬರೆಸಬೇಕು. ಗ್ರಾಮ ನಕ್ಷೆ, ಸರ್ವೆ ಸ್ಕೆಚ್, ಪಹಣಿ ಮೂರನ್ನೂ ಲಗತ್ತಿಸಿ. ರಾಜಕಾಲುವೆಯನ್ನು ಪ್ರತ್ಯೇಕವಾಗಿ ಹೆಸರಿಸಿ.

ಮಲೆನಾಡ ವಕೀಲ: ಬೆಂಗಳೂರಿನ ಕೆರೆಗಳಿಗೆ ಹಸಿರು ನ್ಯಾಯಮಂಡಳಿ 2016ರಲ್ಲಿ 75 ಮೀಟರ್ ಎಂದಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು, ಶಾಸನಬದ್ಧ ಮಾಸ್ಟರ್ ಪ್ಲಾನನ್ನು ಮಂಡಳಿ ಬದಲಿಸುವಂತಿಲ್ಲ ಎಂದು. ಮುಂದೆ ಕೋರ್ಟಿನಲ್ಲಿ ಗೆಲ್ಲೋಣ ಎಂದು ಕರಡಿನ ಹಂತ ಬಿಟ್ಟುಕೊಡುವವರು ಈ ತೀರ್ಪು ಓದಲೇಬೇಕು.

ಪೋಷಕರ ಬಳಗ: ಹಾಗಾದರೆ ಶಾಸಕರ ಪಾತ್ರವೇ ಇಲ್ವಾ?

ರಾಜ್ಯಪತ್ರ ಓದುಗ: ವಿಧೇಯಕವಾದರೆ ಖಂಡಿತ ಇದೆ, ಸಮಯ ಮಾತ್ರ ತೀರಾ ಕಡಿಮೆ. ಮಂಡನೆಯಾದ ಒಂದೆರಡು ದಿನದಲ್ಲೇ ಪರ್ಯಾಲೋಚನೆ ಮುಗಿದು ಅಂಗೀಕಾರವಾಗುವುದುಂಟು. ಹತ್ತು ಪುಟದ ಮನವಿ ಯಾರೂ ಓದುವುದಿಲ್ಲ. ಖಂಡದ ಸಂಖ್ಯೆ ಹಾಕಿ ಅರ್ಧ ಪುಟದ ತಿದ್ದುಪಡಿ ಕೊಡಿ, ಸದಸ್ಯರು ಅದನ್ನೇ ಸೂಚನೆಯಾಗಿ ಕೊಡಬಹುದು. ವಿಧಾನ ಪರಿಷತ್ತನ್ನು ಜನ ಮರೆಯುತ್ತಾರೆ. ಅಲ್ಲಿನ 75 ಸದಸ್ಯರಲ್ಲಿ 7 ಜನ ಶಿಕ್ಷಕರ, 7 ಜನ ಪದವೀಧರರ ಕ್ಷೇತ್ರದವರು. ಶಾಲೆಯ ವಿಷಯ ಅವರ ಮತದಾರರದ್ದೇ ವಿಷಯ. ಪರಿಷತ್ತು ಮಸೂದೆಯನ್ನು ಕೊನೆಗೂ ತಡೆಯಲಾರದು, ಆದರೆ ತಿದ್ದುಪಡಿ ಸೂಚಿಸಬಹುದು, ತಡಮಾಡಬಹುದು. ಆ ತಡವೇ ಎಷ್ಟೋ ಸಲ ಸಾಕು.

ಸುಮಾ, ಎಸ್‌ಡಿಎಂಸಿ: ಸಂಖ್ಯೆಯೂ ಬೇಕು, ತೂಕವೂ ಬೇಕು ಎಂದರೆ ಠರಾವು ಮಾಡಿಸಿ. ಆರ್‌ಟಿಇ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ. ಇಪ್ಪತ್ತು ಶಾಲೆಗಳ ಠರಾವು, ಪ್ರತಿಯೊಂದರಲ್ಲೂ ಆ ಊರಿನದ್ದೇ ಅಳತೆ, ಸಾವಿರ ಮೇಲ್‌ಗಿಂತ ಗಟ್ಟಿ. ಮುಖ್ಯ ಶಿಕ್ಷಕರು ಸರ್ಕಾರಿ ನೌಕರರು, ಸಹಿ ಹಾಕಲು ಹಿಂಜರಿಯುವುದು ಸಹಜ. ಅವರನ್ನು ಇಕ್ಕಟ್ಟಿಗೆ ಸಿಲುಕಿಸಬೇಡಿ. ಸಭೆಯ ನಡಾವಳಿಯಲ್ಲಿ ದಾಖಲಾಗಿ ಅಧ್ಯಕ್ಷರ ಸಹಿಯೊಂದಿಗೆ ಹೋಗಲಿ.

ಕೆರೆಯಂಗಳ: ಇದು ಒಪ್ಪುವ ಮಾತು ಮೇಡಂ. ಆದರೂ ಠರಾವು ಮಾಡಲು ಸಮಯವಿಲ್ಲದ ಕೂಲಿಕಾರರಿಗೆ, ಬೇರೆ ಊರಲ್ಲಿರುವವರಿಗೆ ಸಿದ್ಧ ಒಕ್ಕಣೆಯೊಂದೇ ದಾರಿ. ಕೊನೆಯಲ್ಲಿ ಎರಡು ಸಾಲು ಖಾಲಿ ಬಿಟ್ಟು ‘ನಿಮ್ಮೂರಿನ ಸಂಗತಿ ಇಲ್ಲಿ ಬರೆಯಿರಿ’ ಎಂದರೆ ಒಂದೊಂದೂ ಬೇರೆಯಾಗುತ್ತದೆ.

ರಾಜ್ಯಪತ್ರ ಓದುಗ: ಹಾಗೆ ಮಾಡಿದರೆ ನನ್ನ ತಕರಾರಿಲ್ಲ. ಅಧಿಸೂಚನೆಯ ಸಂಖ್ಯೆ, ದಿನಾಂಕ ವಿಷಯದ ಸಾಲಲ್ಲೇ ಇರಲಿ. ಕರಡಿನಲ್ಲಿ ಹೆಸರಿಸಿದ ಅಧಿಕಾರಿಗೇ ಕಳಿಸಿ. ಮಂತ್ರಿಗಳಿಗೆ ಟ್ಯಾಗ್ ಮಾಡಿದ್ದು ಆಕ್ಷೇಪಣೆ ಅನ್ನಿಸಿಕೊಳ್ಳುವುದಿಲ್ಲ. ಕಾಗದದ ಪ್ರತಿಯನ್ನು ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅಂತಿಮ ನಿಯಮ ಬಂದ ಮೇಲೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ ಆಕ್ಷೇಪಣೆಗಳ ಮೇಲಿನ ಟಿಪ್ಪಣಿ ಹಾಳೆಗಳನ್ನು ಕೇಳಿ. ಕರ್ನಾಟಕದಲ್ಲಿ ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ ಇದೆ. ಮೀರಿದರೆ ವಾಪಸ್ ಕಳಿಸಲು ಅದೇ ನೆಪವಾಗುತ್ತದೆ. ಮುದ್ರೆ ಬಿದ್ದ ಪ್ರತಿ, ಟಿಪ್ಪಣಿ ಹಾಳೆ ಎರಡೂ ಕೈಯಲ್ಲಿದ್ದರೆ ವಕೀಲರ ಹತ್ತಿರ ಹೋಗಲು ಆಧಾರ ಸಿಕ್ಕಂತೆ.