ಶಿಬಿರ ಮುಗಿಸಿದ ಯುವಕರು ಊರಿನಲ್ಲಿ ಮೌನವಾಗುವುದೇಕೆ?

ಪ್ರಶ್ನೆ

ನಮ್ಮ ಹೋಬಳಿಯಲ್ಲಿ ಎರಡು ವರ್ಷಗಳಿಂದ ಯುವಜನರಿಗಾಗಿ ನಾಯಕತ್ವ ಶಿಬಿರ ನಡೆಸುತ್ತಿದ್ದೇವೆ. ಸಂವಿಧಾನದ ಪೀಠಿಕೆಯನ್ನು ಓದಿಸುತ್ತೇವೆ, ಅಸ್ಪೃಶ್ಯತೆಯನ್ನು ರದ್ದುಪಡಿಸಿದ 17ನೇ ವಿಧಿಯ ಬಗ್ಗೆ ವಕೀಲರಿಂದ ಉಪನ್ಯಾಸ ಕೊಡಿಸುತ್ತೇವೆ, ಕೊನೆಯ ದಿನ ಪ್ರಮಾಣಪತ್ರ ಹಂಚುತ್ತೇವೆ. ವೇದಿಕೆಯ ಮೇಲೆ ಎಲ್ಲರೂ ಸೊಗಸಾಗಿಯೇ ಮಾತನಾಡುತ್ತಾರೆ. ಆದರೆ ಕಳೆದ ಬೇಸಿಗೆಯಲ್ಲಿ ಅದೇ ಊರಿನ ಹೋಟೆಲೊಂದರಲ್ಲಿ ಕೇರಿಯವರಿಗೆ ಬೇರೆ ಲೋಟ ಇಟ್ಟಿರುವ ಸಂಗತಿ ಹೊರಬಿದ್ದಾಗ, ಶಿಬಿರ ಮುಗಿಸಿದ್ದ ನಲವತ್ತು ಜನರಲ್ಲಿ ಒಬ್ಬರೂ ತುಟಿ ಬಿಚ್ಚಲಿಲ್ಲ. ನಾವು ಎಡವಿದ್ದು ಎಲ್ಲಿ?

ಉತ್ತರ 1

ಆ ನಲವತ್ತು ಜನರ ಪೈಕಿ ಎಷ್ಟು ಮಂದಿಯ ತಂದೆತಾಯಿಗಳು ಹೋಟೆಲ್ ಮಾಲೀಕರ ಕಡೆಯವರ ಹೊಲಕ್ಕೆ ಕೂಲಿಗೆ ಹೋಗುತ್ತಾರೆ, ಎಷ್ಟು ಮನೆಗಳಿಗೆ ಅವರ ಅಂಗಡಿಯಿಂದ ಸಾಲದ ಮೇಲೆ ದಿನಸಿ ಬರುತ್ತದೆ ಎಂಬುದನ್ನು ವಿಚಾರಿಸಿದ್ದೀರಾ? ಹೆದರಿಕೆಗೆ ಕಾರಣ ಅಲ್ಲಿರುತ್ತದೆ. ಇನ್ನೊಂದು ಮಾತು: 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ, ಅಸ್ಪೃಶ್ಯತೆಯ ಕಾರಣಕ್ಕೆ ಹೋಟೆಲಿನ ಪಾತ್ರೆಗಳನ್ನು ಬಳಸದಂತೆ ತಡೆಯುವುದೇ ಅಪರಾಧ. ಹುಡುಗರಿಂದ ಭಾಷಣ ಬರೆಸುವ ಬದಲು ದೂರು ಬರೆಸಿ. ದಿನಾಂಕ, ಸಮಯ, ಕಂಡವರು ಯಾರು, ಲೋಟ ಯಾವ ಮೂಲೆಯಲ್ಲಿತ್ತು ಎಂಬುದೆಲ್ಲ ಅದರಲ್ಲಿರಲಿ. ಠಾಣೆಯಲ್ಲಿ ಕೊಟ್ಟಾಗ ಸ್ವೀಕೃತಿ ಕೇಳಿ ಪಡೆಯುವುದನ್ನೂ ಕಲಿಸಿ. ನಮ್ಮ ಕಡೆ ಬಹಳ ಜನ ಸೋಲುವುದು ಅಲ್ಲಿಯೇ.

ಉತ್ತರ 2

ನಿಮ್ಮ ಲೋಟದ ಪ್ರಸಂಗ ಓದುವಾಗ ನನಗೆ ಅಮೆರಿಕದ ನ್ಯಾಶ್‌ವಿಲ್ ನೆನಪಾಯಿತು. ಅಲ್ಲಿನ ಅಂಗಡಿಗಳ ಊಟದ ಕೌಂಟರುಗಳಲ್ಲಿ ಕಪ್ಪು ಜನರಿಗೆ ಕೂರಲು ಬಿಡುತ್ತಿರಲಿಲ್ಲ. 1960ರಲ್ಲಿ ವಿದ್ಯಾರ್ಥಿಗಳು ಹೋಗಿ ಅಲ್ಲಿ ಕುಳಿತದ್ದನ್ನು ಎಲ್ಲರೂ ಹೇಳುತ್ತಾರೆ, ಆದರೆ ಅದಕ್ಕೂ ಮುಂಚೆ ತಿಂಗಳುಗಟ್ಟಲೆ ನಡೆದ ತಾಲೀಮನ್ನು ಹೇಳುವವರು ಕಡಿಮೆ. ಗಾಂಧಿಯವರ ಮಾರ್ಗವನ್ನು ಭಾರತದಲ್ಲಿದ್ದು ಅಭ್ಯಾಸ ಮಾಡಿದ್ದ ಜೇಮ್ಸ್ ಲಾಸನ್ ಅವರು ಚರ್ಚಿನ ಕೋಣೆಯೊಂದರಲ್ಲಿ ಕುರ್ಚಿಗಳನ್ನು ಸಾಲಾಗಿ ಹಾಕಿ, ಕೆಲವರನ್ನು ಕೂರಿಸಿ, ಉಳಿದವರಿಂದ ಅವರನ್ನು ಬೈಯಿಸಿ, ತಳ್ಳಿಸಿ, ಕೈ ಎತ್ತದೆ ಕುಳಿತಿರುವುದನ್ನು ಅಭ್ಯಾಸ ಮಾಡಿಸುತ್ತಿದ್ದರು. ಮುಂದೆ ಕಪ್ಪು ಜನರ ಹಕ್ಕಿನ ಹೋರಾಟದ ಮುಂದಾಳುಗಳಾದ ಡಯೇನ್ ನ್ಯಾಶ್, ಜಾನ್ ಲೂಯಿಸ್ ಆ ಕೋಣೆಯಿಂದ ಬಂದವರು. ಅದೇ ವರ್ಷದ ಏಪ್ರಿಲ್‌ನಲ್ಲಿ ರ‍್ಯಾಲಿ ನಗರದಲ್ಲಿ ವಿದ್ಯಾರ್ಥಿಗಳ ಸಮಾವೇಶ ಸೇರಿಸಿದ ಎಲಾ ಬೇಕರ್ ಎಂಬ ಹಿರಿಯ ಹೋರಾಟಗಾರ್ತಿ, ಹಿರಿಯರ ಸಂಘಟನೆಯ ಯುವ ಘಟಕವಾಗುವ ಬದಲು ಸ್ವಂತ ಸಂಘ ಕಟ್ಟಿಕೊಳ್ಳಲು ಆ ಯುವಕರಿಗೆ ಬೆಂಬಲ ಕೊಟ್ಟರು. ನಿಮ್ಮ ಶಿಬಿರದ ಕಾರ್ಯಕ್ರಮ ಪಟ್ಟಿಯನ್ನು ಯಾರು ಬರೆಯುತ್ತಾರೆ?

ಉತ್ತರ 3

ಮೇಲಿನವರ ತಾಲೀಮಿನ ಮಾತು ಒಪ್ಪತಕ್ಕದ್ದೇ. ಆದರೆ ನ್ಯಾಶ್‌ವಿಲ್‌ನಲ್ಲಿ ಹೆಚ್ಚಾಗಿ ಕುಳಿತವರು ಆ ಕುರ್ಚಿ ಯಾರಿಗೆ ನಿಷಿದ್ಧವಾಗಿತ್ತೋ ಅವರೇ. ನಮ್ಮಲ್ಲಿಯೂ 1973ರಲ್ಲಿ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ‘ಬೂಸಾ’ ಎಂದ ಸಚಿವ ಬಿ. ಬಸವಲಿಂಗಪ್ಪನವರ ಮಾತಿಗೆ ಗಲಭೆಗಳಾದಾಗ ಪೆಟ್ಟು ತಿಂದವರಲ್ಲಿ ದಲಿತ ವಿದ್ಯಾರ್ಥಿಗಳಿದ್ದರು. ಮುಂದೆ ಭದ್ರಾವತಿಯಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಬಿ. ಕೃಷ್ಣಪ್ಪನವರಂತಹವರ ಜೊತೆಗೂಡಿ ದಲಿತ ಸಂಘರ್ಷ ಸಮಿತಿಯನ್ನು ಬೆಳೆಸಿದವರಲ್ಲಿ ಆ ತಲೆಮಾರಿನ ಯುವಕರು ಅನೇಕರು. ಅವರಿಗೆ ಯಾರೂ ಪ್ರಮಾಣಪತ್ರ ಕೊಟ್ಟಿರಲಿಲ್ಲ. ಆದ್ದರಿಂದ ನಾನು ಕೇಳುವುದು ಇಷ್ಟೇ: ಆ ಬೇರೆ ಲೋಟದಲ್ಲಿ ಚಹಾ ಕುಡಿದವರ ಮನೆಯ ಮಕ್ಕಳು ನಿಮ್ಮ ನಲವತ್ತರಲ್ಲಿ ಎಷ್ಟು ಜನ?

ಪ್ರಶ್ನೆ ಕೇಳಿದವರಿಂದ

ಹಾಜರಿ ಪುಸ್ತಕ ತೆಗೆದು ನೋಡಿದೆ. ಆರು ಜನ. ಆ ಆರರಲ್ಲಿ ಸಮಾರೋಪದ ದಿನ ಮೈಕ್ ಸಿಕ್ಕಿದ್ದು ಒಬ್ಬ ಹುಡುಗಿಗೆ, ಅದೂ ಪ್ರಾರ್ಥನೆ ಹಾಡುವುದಕ್ಕೆ. ನಿನ್ನೆ ಅವಳ ಮನೆಗೆ ಹೋಗಿದ್ದೆ. ದೂರು ಕೊಡುವುದಾದರೆ ಹೆಸರು ಒಂದೇ ಇರಬಾರದು, ನಿಮ್ಮದೂ ಇರಬೇಕು ಸರ್ ಎಂದಳು. ಹೂಂ ಎಂದೆ. ಭಾನುವಾರ ಕೇರಿಯ ಸಮುದಾಯ ಭವನದಲ್ಲಿ ಸೇರುತ್ತಿದ್ದೇವೆ. ಏನು ಮಾತನಾಡಬೇಕೆಂಬುದನ್ನು ಅವರೇ ಆರು ಜನ ತೀರ್ಮಾನಿಸುತ್ತಾರೆ.